ಕದ್ದು ತಂದ ಹುಡುಗಿ, ಬಚ್ಚಿಟ್ಟ ಚಿನ್ನ

ಕಳೆದ ತಿಂಗಳು ಈ ಅಂಕಣದಲ್ಲಿ ಕಾಲ್ನಡಿಗೆ ಯಾತ್ರೆಗಳ ಬಗ್ಗೆ ಬರೆಯುವಾಗ ಫ್ರಾನ್ಸಿನ ಕೊಂಕ್ ಎಂಬ ಹಳ್ಳಿಯ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗಿತ್ತು. ‘ಆ ಇಳಿಜಾರಿನಲ್ಲಿ ನಿಂತಾಗ ನಮ್ಮ ಆಗುಂಬೆ ಕಡೆಯ ಯಾವುದೋ ಊರಿಗೆ ಬಂದ ಹಾಗಾಯಿತು’ ಅಂತ ಬರೆದಿದ್ದೆ. ಅಷ್ಟಕ್ಕೇ ಒಂದು ಚೀಲ ಪತ್ರ ಬಂದಿದೆ. ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಕೊಂಕ್ ಒಂದನ್ನೇ ಎತ್ತಿಕೊಂಡಿದ್ದೇನೆ.

ಹೊಸ ಓದುಗರಿಗೆ ಒಂದು ಮಾತು. ನಾನು ತೀರ್ಥಹಳ್ಳಿಯಲ್ಲಿ ಮೂವತ್ತು ವರ್ಷ ಸಮಾಜ ಪಾಠ ಹೇಳಿ ನಿವೃತ್ತಳಾದವಳು. ಮಗಳು, ಅಳಿಯ ಫ್ರಾನ್ಸಿನ ತುಲೂಸ್ ನಗರದಲ್ಲಿದ್ದಾರೆ. ನಾವು ಹೋದದ್ದು ಬಾಣಂತನಕ್ಕೆ. ಕೊಂಕ್ ನೋಡಿದ್ದು ಎರಡು ದಿನದ ರಜೆಯಲ್ಲಿ, ಅಕ್ಟೋಬರಿನಲ್ಲಿ. ಜೊತೆಗೆ ನಮ್ಮನೆಯವರೂ ಇದ್ದರು. ಜಗತ್ತಿನ ಯಾವುದನ್ನು ತೋರಿಸಿದರೂ ಅವರಿಗೆ ಅಡಿಕೆ ತೋಟ ನೆನಪಾಗುತ್ತದೆ.

ಆ ಊರು ಎಲ್ಲಿದೆ? ನಮ್ಮ ಮಲೆನಾಡಿನ ಹಾಗೆ ಅಂದಿರಲ್ಲ, ಅಲ್ಲೂ ಅಡಿಕೆ, ಇಂಬಳ ಎಲ್ಲ ಇದೆಯಾ ಮೇಡಂ?
— ಹೊಸನಗರದ ಓದುಗರು

ಇಂಬಳ ಇಲ್ಲ. ಅಡಿಕೆಯೂ ಇಲ್ಲ. ಇರುವುದು ಚೆಸ್ಟ್‌ನಟ್ ಮರ. ಮುಳ್ಳಿನ ಹೊರಕವಚ, ಒಳಗೆ ಕಂದು ಬಣ್ಣದ ಕಾಯಿ. ಸುಟ್ಟು ತಿಂದರೆ ಹಲಸಿನ ಬೀಜದ್ದೇ ರುಚಿ. ನಾವು ಹೋದಾಗ ಗುಡ್ಡದ ದಾರಿ ತುಂಬ ಅದೇ ಉದುರಿ ಬಿದ್ದಿತ್ತು. ನಮ್ಮನೆಯವರು ಒಂದನ್ನು ಕೈಯಲ್ಲಿ ಹಿಡಿದು ‘ಇದಕ್ಕೆ ಕ್ವಿಂಟಾಲಿಗೆ ಎಷ್ಟಿರಬಹುದು’ ಅಂದರು. ನಾನು ಉತ್ತರ ಕೊಡಲಿಲ್ಲ.

ಫ್ರಾನ್ಸಿನ ನಕ್ಷೆಯಲ್ಲಿ ದಕ್ಷಿಣ ಭಾಗ ನೋಡಿ. ತುಲೂಸ್‌ನಿಂದ ಈಶಾನ್ಯಕ್ಕೆ ಅವೆರೋಂ ಎಂಬ ಜಿಲ್ಲೆ. ಅದರ ಮುಖ್ಯ ಪಟ್ಟಣ ರೊಡೆಜ್. ಅಲ್ಲಿಂದ ಸುಮಾರು 40 ಕಿ.ಮೀ. ಒಳಗೆ ಹೋದರೆ ಕೊಂಕ್. ಊಶ್ ಎಂಬ ಸಣ್ಣ ಹಳ್ಳ ಬಂದು ದೂರ್ದೂ ಎಂಬ ಹೊಳೆಗೆ ಸೇರುತ್ತದೆ. ಆ ಕೂಡುವ ಜಾಗದ ಮೇಲ್ಗಡೆ, ಕಡಿದಾದ ಗುಡ್ಡದ ಮೈಗೆ ಊರು ಅಂಟಿಕೊಂಡಿದೆ. ದೂರ್ದೂ ಮುಂದೆ ಹೋಗಿ ಲೋಟ್ ನದಿ ಸೇರುತ್ತದೆ. ಊರಿನಲ್ಲಿ ಸಮತಟ್ಟು ಜಾಗ ಅಂತ ಸಿಗುವುದೇ ಕಷ್ಟ. ಒಂದು ಮನೆಯ ಜಗುಲಿ ಮಟ್ಟಕ್ಕೆ ಕೆಳಗಿನ ಮನೆಯ ಮಾಡು ಬರುತ್ತದೆ.

ಮಾಡಿನ ಬಗ್ಗೆ ಹೇಳಲೇಬೇಕು. ನಮ್ಮಲ್ಲಿ ಮಂಗಳೂರು ಹಂಚು ಇದ್ದ ಹಾಗೆ ಅಲ್ಲಿ ತೆಳ್ಳಗೆ ಸೀಳಿದ ಕಲ್ಲಿನ ಚಪ್ಪಡಿ. ಸುತ್ತಲಿನ ಗುಡ್ಡವೆಲ್ಲ ಪದರ ಪದರದ ಶಿಸ್ಟ್ ಕಲ್ಲು. ನಾವು ಶಾಲೆಯಲ್ಲಿ ಬರೆಯುತ್ತಿದ್ದ ಸ್ಲೇಟಿನ ಅಣ್ಣ ಅಂದುಕೊಳ್ಳಿ. ಅದನ್ನು ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಹೊದಿಸುತ್ತಾರೆ. ಮಳೆ ಬಂದು ನಿಂತ ಮೇಲೆ ಇಡೀ ಊರು ಬೆಳ್ಳಿ ಬಣ್ಣಕ್ಕೆ ತಿರುಗುತ್ತದೆ. ಮಳೆ ನಮ್ಮಷ್ಟು ಇಲ್ಲ. ಆದರೆ ಮಂಜು ಇದೆ. ಬೆಳಗ್ಗೆ ಎದ್ದು ಕಿಟಕಿ ತೆಗೆದರೆ ಕಣಿವೆಯೇ ಇರಲಿಲ್ಲ, ಬರೀ ಹತ್ತಿ.

ಹೆಸರಿನ ಕಥೆ ಚೆನ್ನಾಗಿದೆ. ಲ್ಯಾಟಿನ್‌ನಲ್ಲಿ ‘ಕೊಂಕಾ’ ಅಂದರೆ ಚಿಪ್ಪು. ಕಣಿವೆಯ ಆಕಾರಕ್ಕೆ ಬಂದ ಹೆಸರು. ನಮ್ಮ ‘ಶಂಖ’ವೂ ಅದೂ ಒಂದೇ ಬೇರಿನ ಮಾತುಗಳು ಅಂತ ಭಾಷೆ ಬಲ್ಲವರು ಹೇಳುತ್ತಾರೆ. ನಮ್ಮನೆಯವರ ಪ್ರಕಾರ ಅದು ಕನ್ನಡದ ‘ಕೊಂಕು’. ಊರಿನಲ್ಲಿ ಒಂದೂ ನೆಟ್ಟಗಿನ ದಾರಿ ಇಲ್ಲದ್ದನ್ನು ನೋಡಿದರೆ ಅವರ ವಾದವನ್ನು ಪೂರ್ತಿ ತಳ್ಳಿಹಾಕುವ ಹಾಗೂ ಇಲ್ಲ.

ಕೆಲವೇ ನೂರು ಜನರ ಹಳ್ಳಿ ಇದು. ಹಾಗಾಗಿ 2016ರಲ್ಲಿ ಅಕ್ಕಪಕ್ಕದ ಮೂರು ಪಂಚಾಯಿತಿಗಳ ಜೊತೆ ಸೇರಿಸಿ ‘ಕೊಂಕ್-ಆಂ-ರೂಅರ್ಗ್’ ಎಂಬ ಒಂದೇ ಆಡಳಿತ ಮಾಡಿದ್ದಾರೆ. ರೂಅರ್ಗ್ ಅನ್ನುವುದು ಆ ಸೀಮೆಯ ಹಳೆಯ ಹೆಸರು.

ಕದ್ದ ಮೂಳೆಗಳನ್ನು ಇಟ್ಟು ಕಟ್ಟಿದ ಚರ್ಚು ಅಂತ ಎಲ್ಲೋ ಓದಿದೆ. ನಿಜವಾ? ಕದ್ದದ್ದಕ್ಕೆ ಪುಣ್ಯ ಹೇಗೆ ಬರುತ್ತದೆ?
— ಸಾಗರದ ಓದುಗರು

ನಿಜ. ಅಲ್ಲಿಯವರು ಅದನ್ನು ಮುಚ್ಚಿಡುವುದೂ ಇಲ್ಲ. ನನಗೆ ಆ ಊರು ಇಷ್ಟವಾಗಲು ಅದೂ ಒಂದು ಕಾರಣ.

8ನೇ ಶತಮಾನದ ಕೊನೆಯಲ್ಲಿ ದಾದೋಂ ಎಂಬ ವಿರಕ್ತನೊಬ್ಬ ಈ ಕಾಡಿನಲ್ಲಿ ಬಂದು ಕೂತ. ಆಮೇಲೆ ಅವನ ಸುತ್ತ ನಾಲ್ಕು ಜನ ಸೇರಿ ಮಠವಾಯಿತು. ಶಾರ್ಲಮಾನ್ ಚಕ್ರವರ್ತಿಯ ಮಗ ಲೂಯಿ ಅದಕ್ಕೆ ದಾನ ದತ್ತಿ ಕೊಟ್ಟ. ಇಷ್ಟಾದರೂ ಜನ ಬರಲಿಲ್ಲ. ಆ ಕಾಲದ ಯುರೋಪಿನಲ್ಲಿ ಜನ ಬರಬೇಕಾದರೆ ಯಾರಾದರೂ ಸಂತರ ಅವಶೇಷ ಬೇಕಿತ್ತು. ಇವರ ಹತ್ತಿರ ಇರಲಿಲ್ಲ.

ಪಶ್ಚಿಮಕ್ಕೆ ಬಹಳ ದೂರದಲ್ಲಿ ಆಜಾಂ ಎಂಬ ಪಟ್ಟಣ. ಅಲ್ಲಿ ಸಾಂತ್ ಫ್ವಾ ಎಂಬ ಹುಡುಗಿಯ ಸಮಾಧಿ ಇತ್ತು. ಫ್ವಾ ಅಂದರೆ ನಂಬಿಕೆ. ಸುಮಾರು ಕ್ರಿ.ಶ. 303ರಲ್ಲಿ, ರೋಮನ್ನರು ಕ್ರೈಸ್ತರನ್ನು ಹಿಂಸಿಸುತ್ತಿದ್ದ ಕಾಲದಲ್ಲಿ, ರೋಮನ್ ದೇವರಿಗೆ ಕೈಮುಗಿಯಲು ಒಪ್ಪದೆ ಪ್ರಾಣ ಕೊಟ್ಟವಳು. ಹನ್ನೆರಡು ವರ್ಷದವಳು ಅಂತ ಹೇಳುತ್ತಾರೆ. ಕೊಂಕ್ ಮಠದ ಒಬ್ಬ ಸನ್ಯಾಸಿ ಆಜಾಂಗೆ ಹೋಗಿ ಅಲ್ಲಿಯವರ ಜೊತೆ ಸೇರಿಕೊಂಡ. ಒಂದು ದಿನ ಎರಡು ದಿನ ಅಲ್ಲ, ಹತ್ತು ವರ್ಷ. ಅವರ ನಂಬಿಕೆ ಗಳಿಸಿದ. ಕೊನೆಗೆ ಸಮಾಧಿ ಕಾಯುವ ಕೆಲಸ ಅವನಿಗೇ ಸಿಕ್ಕಿತು. 866ರ ಹೊತ್ತಿಗೆ, ಒಂದು ರಾತ್ರಿ, ಸಮಾಧಿ ಒಡೆದು ಮೂಳೆಗಳನ್ನು ತೆಗೆದುಕೊಂಡು ಕೊಂಕ್‌ಗೆ ಬಂದುಬಿಟ್ಟ. ಮಠದವರೇ ಹೇಳಿಕೊಂಡು ಬಂದ ಕಥೆ ಇದು.

ಪುಣ್ಯ ಹೇಗೆ ಅಂದಿರಿ. ಅವರ ತರ್ಕ ಸರಳ. ಸಂತಳಿಗೆ ಇಷ್ಟ ಇಲ್ಲದಿದ್ದರೆ ಅವಳನ್ನು ಯಾರು ಅಲ್ಲಾಡಿಸಲು ಆಗುತ್ತಿತ್ತು? ಬಂದಳು ಅಂದರೆ ಬರಲು ಮನಸ್ಸಿತ್ತು ಅಂತಲೇ. ಇಂಥ ಕಳ್ಳತನ ಆ ಕಾಲದಲ್ಲಿ ಯುರೋಪಿನ ಎಷ್ಟೋ ಕಡೆ ನಡೆದಿದೆ. ಅದನ್ನು ಪವಿತ್ರ ಕಳವು ಅಂತಲೇ ಕರೆಯುತ್ತಾರೆ.

ನಗಬೇಡಿ. ನಮ್ಮ ಮಲೆನಾಡಿನ ಹೆಂಗಸರಿಗೆ ಈ ತರ್ಕ ಹೊಸದಲ್ಲ. ಕೇಳಿ ತಂದ ಡೇರೆ ಗೆಡ್ಡೆಗಿಂತ ಕದ್ದು ತಂದ ಡೇರೆ ಗೆಡ್ಡೆ ಚೆನ್ನಾಗಿ ಹೂ ಬಿಡುತ್ತದೆ ಅಂತ ನನ್ನ ಅತ್ತೆ ಹೇಳುತ್ತಿದ್ದರು. ಸುಮ್ನೆ ಹೇಳುತ್ತಿರಲಿಲ್ಲ, ನಡೆದುಕೊಳ್ಳುತ್ತಲೂ ಇದ್ದರು. ಕೊಂಕ್‌ನಲ್ಲಿ ಆ ಗೆಡ್ಡೆ ಹೂ ಬಿಟ್ಟಿದ್ದು ಹೇಗೆ ಅಂದರೆ, ಸ್ಪೇನಿನ ಸಾಂತಿಯಾಗೊ ಕ್ಷೇತ್ರಕ್ಕೆ ನಡೆದು ಹೋಗುವವರ ಒಂದು ಮುಖ್ಯ ದಾರಿಯೇ ಈ ಹಳ್ಳಿಯನ್ನು ಹಾದು ಹೋಗುವ ಹಾಗಾಯಿತು. ಲ ಪ್ವಿ ಎಂಬ ಊರಿನಿಂದ ಹೊರಡುವ ಆ ದಾರಿಯ ಒಟ್ಟು ಉದ್ದ ಸುಮಾರು 1,500 ಕಿ.ಮೀ. ಅದರಲ್ಲಿ ಮೊದಲ 200 ಕಿ.ಮೀ. ನಡೆದರೆ ಕೊಂಕ್. 12ನೇ ಶತಮಾನದ ಯಾತ್ರಾ ಕೈಪಿಡಿಯಲ್ಲೇ ಈ ಊರಿನ ಹೆಸರಿದೆ.

ಕ್ರೈಸ್ತರು ಮೂರ್ತಿಯನ್ನು ನಮ್ಮ ಹಾಗೆ ಚಿನ್ನ ತೊಡಿಸಿ ಮೆರವಣಿಗೆ ಮಾಡುತ್ತಾರಾ?
— ಶಿವಮೊಗ್ಗ, ವಿನೋಬನಗರದ ಓದುಗರು

ನಿಮ್ಮ ಅನುಮಾನವೇ ಸಾವಿರ ವರ್ಷದ ಹಿಂದೆ ಒಬ್ಬ ಪಾದ್ರಿಗೂ ಬಂದಿತ್ತು. ಆಂಜೇ ಪಟ್ಟಣದ ಶಾಲೆಯಲ್ಲಿ ಕಲಿಸುತ್ತಿದ್ದ ಬೆರ್ನಾರ್ ಎಂಬುವನು 1013ರಲ್ಲಿ ಕೊಂಕ್‌ಗೆ ಬಂದ. ಓದಿದವನು. ಜನ ಒಂದು ಚಿನ್ನದ ಬೊಂಬೆಯ ಮುಂದೆ ಅಡ್ಡಬೀಳುವುದು ನೋಡಿ ಅವನಿಗೆ ನಗು ಬಂತು. ಇದಕ್ಕೂ ರೋಮನ್ನರ ಜೂಪಿಟರ್ ಮೂರ್ತಿಗೂ ಏನು ವ್ಯತ್ಯಾಸ ಅಂತ ಜೊತೆಗಾರನ ಹತ್ತಿರ ಕೊಂಕು ಆಡಿದ. ಆಮೇಲೆ ಪವಾಡಗಳ ಕಥೆ ಕೇಳುತ್ತ ಕೇಳುತ್ತ ಮನಸ್ಸು ಬದಲಾಯಿತು. ಕೊನೆಗೆ ಆ ಪವಾಡಗಳನ್ನೆಲ್ಲ ಬರೆದಿಟ್ಟವನೂ ಅವನೇ.

ಮೂರ್ತಿ ಈಗಲೂ ಇದೆ. ಎತ್ತರ 85 ಸೆಂ.ಮೀ. ಒಳಗೆ ಮರ, ಮೇಲೆ ಚಿನ್ನದ ತಗಡು, ಅದರ ಮೇಲೆ ಹರಳು, ಮುತ್ತು, ಕೆತ್ತಿದ ಕಲ್ಲುಗಳು. ಸಿಂಹಾಸನದ ಮೇಲೆ ನೆಟ್ಟಗೆ ಕೂತಿದ್ದಾಳೆ. ತಲೆ ಮಾತ್ರ ದೇಹಕ್ಕೆ ಹೊಂದುವುದಿಲ್ಲ, ಸ್ವಲ್ಪ ದೊಡ್ಡದು, ಗಂಡಸಿನ ಮುಖ. ಯಾಕೆಂದರೆ ಅದು ಹಳೆಯ ರೋಮನ್ ಕಾಲದ ಚಿನ್ನದ ತಲೆ. ಯಾವ ರೋಮನ್ನರು ಅವಳನ್ನು ಕೊಂದರೋ ಅವರದೇ ತಲೆಯನ್ನು ಅವಳಿಗೆ ಕೂರಿಸಿದ್ದಾರೆ! ಗಾಜಿನ ಕಣ್ಣುಗಳು ನೀಲಿ. ಎಲ್ಲಿ ನಿಂತರೂ ನಮ್ಮ ತಲೆ ಮೇಲಿನಿಂದ ಆಚೆ ಏನನ್ನೋ ನೋಡುತ್ತಿರುತ್ತವೆ. ನನಗಂತೂ ಸ್ವಲ್ಪ ಹೆದರಿಕೆಯೇ ಆಯಿತು.

ಮೈಮೇಲಿನ ಹರಳುಗಳು ಒಂದೇ ಸಲ ಬಂದವಲ್ಲ. ಯಾತ್ರಿಕರು ಹರಕೆಗೆ ಕೊಟ್ಟ ಉಂಗುರ, ಓಲೆ ಎಲ್ಲ ಶತಮಾನಗಟ್ಟಲೆ ಸೇರುತ್ತ ಹೋದವು. ಬೆರ್ನಾರ್ ಬರೆದ ಪ್ರಕಾರ ಈ ಹುಡುಗಿ ಕನಸಿನಲ್ಲಿ ಬಂದು ‘ನಿನ್ನ ಬಳೆ ಕೊಡು’ ಅಂತ ಕೇಳುತ್ತಿದ್ದಳಂತೆ. ಕೊಡದಿದ್ದರೆ ಕಾಡುತ್ತಿದ್ದಳಂತೆ. ಅವಳ ಸಣ್ಣಪುಟ್ಟ ಪವಾಡಗಳನ್ನು ಊರಿನವರು ಅವಳ ‘ಆಟ’ ಅಂತ ಕರೆಯುತ್ತಿದ್ದರು. ಹನ್ನೆರಡು ವರ್ಷದ ಹುಡುಗಿ ಅಲ್ವಾ. ಸೆರೆಯಲ್ಲಿದ್ದವರು ಅವಳನ್ನು ನೆನೆದರೆ ಬಿಡುಗಡೆಯಾಗುತ್ತದೆ ಅಂತಲೂ ನಂಬಿಕೆ. ಹಾಗೆ ಬಿಡುಗಡೆಯಾದವರು ಸಂಕೋಲೆ ತಂದು ಒಪ್ಪಿಸುತ್ತಿದ್ದರು. ಆ ಕಬ್ಬಿಣ ಎಷ್ಟು ಸೇರಿತು ಅಂದರೆ ಅದನ್ನು ಕರಗಿಸಿ ಗರ್ಭಗುಡಿಯ ಸುತ್ತ ಜಾಲರಿ ಮಾಡಿದರು ಅಂತ ಹೇಳುತ್ತಾರೆ. ಆ ಕಬ್ಬಿಣದ ಜಾಲರಿಗಳು ಇಂದಿಗೂ ಇವೆ.

ಅಕ್ಟೋಬರ್ 6 ಅವಳ ದಿನ. ಅದರ ಹತ್ತಿರದ ಭಾನುವಾರ ಮೆರವಣಿಗೆ ಇರುತ್ತದೆ. ನಾವು ತಡವಾಗಿ ಹೋದೆವು, ನೋಡಲು ಸಿಗಲಿಲ್ಲ. ಚರ್ಚಿನೊಳಗೆ ಗರ್ಭಗುಡಿಯ ಹಿಂದಿನಿಂದ ಸುತ್ತು ಬರುವ ದಾರಿ ಇದೆ. ಪೂಜೆ ನಡೆಯುತ್ತಿದ್ದರೂ ಯಾತ್ರಿಕರು ಅಡ್ಡಿ ಮಾಡದೆ ಸುತ್ತಿ ಬರಲಿ ಅಂತ ಮಾಡಿದ್ದು. ನಾನು ಅಭ್ಯಾಸ ಬಲದಿಂದ ಮೂರು ಸುತ್ತು ಹಾಕಿದೆ. ಯಾರೂ ಏನೂ ಅನ್ನಲಿಲ್ಲ.

ಬಾಗಿಲ ಮೇಲೆ ಯಮಲೋಕದ ಕೆತ್ತನೆ ಇದೆಯಂತೆ. ವಿವರ ಬರೆಯುತ್ತೀರಾ?
— ತೀರ್ಥಹಳ್ಳಿಯ ಓದುಗರು (ನನ್ನ ಹಳೆಯ ವಿದ್ಯಾರ್ಥಿಯಂತೆ. ಕೈಬರಹ ಇನ್ನೂ ಸುಧಾರಿಸಿಲ್ಲ.)

ಇದೊಂದನ್ನು ಬರೆಯಲು ನನಗೆ ಇಡೀ ಸಂಚಿಕೆ ಕೊಟ್ಟರೂ ಸಾಲದು.

ಚರ್ಚಿನ ಪಶ್ಚಿಮ ಬಾಗಿಲ ಮೇಲೆ ಅರ್ಧ ಚಂದ್ರದ ಆಕಾರದ ಕಲ್ಲಿನ ಫಲಕ. ಅಗಲ ಆರೂವರೆ ಮೀಟರಿಗಿಂತ ಜಾಸ್ತಿ, ಎತ್ತರ ಮೂರೂವರೆ ಮೀಟರಿನ ಮೇಲೆ. 12ನೇ ಶತಮಾನದ ಮೊದಲ ಭಾಗದ್ದು. ಅದರಲ್ಲಿ 124 ಮೂರ್ತಿಗಳು. ವಿಷಯ ಕೊನೆಯ ತೀರ್ಪು. ನಡುವೆ ದೊಡ್ಡದಾಗಿ ಏಸು. ಬಲಗೈ ಮೇಲೆ, ಎಡಗೈ ಕೆಳಗೆ. ಬಲಗೈ ಕಡೆ ಸ್ವರ್ಗ, ಎಡಗೈ ಕಡೆ ನರಕ.

ಸ್ವರ್ಗದ ಕಡೆ ಎಲ್ಲರೂ ಸಾಲಾಗಿ, ಶಿಸ್ತಾಗಿ, ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ ನಿಂತಿದ್ದಾರೆ. ಶಾರ್ಲಮಾನ್ ಚಕ್ರವರ್ತಿಯೂ ಇದ್ದಾನೆ. ಆದರೆ ಗತ್ತಿನಿಂದ ಅಲ್ಲ. ಮಠಾಧಿಪತಿ ಕೈ ಹಿಡಿದು ಕರೆದುಕೊಂಡು ಬರುತ್ತಿದ್ದಾನೆ, ರಾಜ ಹಿಂದೆ ಬರುತ್ತಿದ್ದಾನೆ. ಮಠಕ್ಕೆ ದಾನ ಕೊಟ್ಟಿದ್ದಕ್ಕೆ ಒಳಗೆ ಬಿಟ್ಟಿದ್ದೇವೆ ಅಂದ ಹಾಗಿದೆ. ಮೂಲೆಯಲ್ಲಿ ನಮ್ಮ ಹುಡುಗಿ ಫ್ವಾ ಬಗ್ಗಿ ನಮಸ್ಕರಿಸುತ್ತಿದ್ದಾಳೆ. ಮೋಡದಿಂದ ದೇವರ ಒಂದು ಕೈ ಮಾತ್ರ ಚಾಚಿ ಬಂದಿದೆ. ಅವಳ ಹಿಂದೆ ಆ ಸಂಕೋಲೆಗಳು ತೂಗುಬಿದ್ದಿವೆ.

ಕೆಳಗೆ ತಕ್ಕಡಿ. ಒಂದು ಕಡೆ ದೇವದೂತ ಮಿಕಾಯೇಲ್, ಇನ್ನೊಂದು ಕಡೆ ದೆವ್ವ. ದೆವ್ವ ಮೆಲ್ಲಗೆ ಬೆರಳಿನಿಂದ ತಟ್ಟೆ ಒತ್ತುತ್ತಿದೆ! ನಮ್ಮನೆಯವರು ಇಲ್ಲಿ ಬಹಳ ಹೊತ್ತು ನಿಂತರು. ಅಡಿಕೆ ತೂಗುವಾಗ ಏನೇನು ಆಗುತ್ತದೆ ಅನ್ನುವುದು ಅವರಿಗೆ ಗೊತ್ತು.

ನರಕದ ಕಡೆ ಎಲ್ಲ ಗಲಾಟೆ. ಶಿಲ್ಪಿಗೆ ಖುಷಿ ಇದ್ದದ್ದೇ ಈ ಕಡೆ ಅನ್ನುವುದು ನನ್ನ ಅಭಿಪ್ರಾಯ. ಜಂಬದ ಸರದಾರ ಕುದುರೆಯಿಂದ ತಲೆಕೆಳಗಾಗಿ ಬೀಳುತ್ತಿದ್ದಾನೆ. ಜಿಪುಣನನ್ನು ಕೊರಳಿಗೆ ಹಣದ ಚೀಲ ಕಟ್ಟಿ ನೇತುಹಾಕಿದ್ದಾರೆ. ದೊಡ್ಡ ಮೃಗದ ಬಾಯಿಯೊಳಗೆ ಪಾಪಿಗಳನ್ನು ತುರುಕುತ್ತಿದ್ದಾರೆ. ಮಲೆನಾಡಿನ ಶಿಕಾರಿ ಪ್ರಿಯರು ಗಮನಿಸಬೇಕಾದ ಜಾಗ ಒಂದಿದೆ. ಕದ್ದು ಬೇಟೆಯಾಡಿದವನನ್ನು ಕೋಲಿಗೆ ಕಟ್ಟಿ ಬೆಂಕಿಯ ಮೇಲೆ ಸುಡುತ್ತಿದ್ದಾರೆ. ಸುಡುತ್ತಿರುವವರಲ್ಲಿ ಒಂದು ಮೊಲವೂ ಇದೆ.

ಒಂಬೈನೂರು ವರ್ಷ ಆಗಿದ್ದರೂ ಅಲ್ಲಲ್ಲಿ ಕೆಂಪು, ನೀಲಿ ಬಣ್ಣದ ಗುರುತು ಉಳಿದಿದೆ. ಒಂದು ಕಾಲಕ್ಕೆ ಇಡೀ ಫಲಕ ಯಕ್ಷಗಾನದ ವೇಷದ ಹಾಗೆ ಬಣ್ಣದಲ್ಲಿತ್ತು. ಕೆಳಗೆ ಲ್ಯಾಟಿನ್ ಸಾಲು ಕೆತ್ತಿದ್ದಾರೆ: ಪಾಪಿಗಳೇ, ನಡತೆ ಬದಲಾಯಿಸಿಕೊಳ್ಳದಿದ್ದರೆ ನಿಮಗೆ ಕಠಿಣ ತೀರ್ಪು ಕಾದಿದೆ ಅಂತ. ರಾತ್ರಿ ಊಟದ ನಂತರ ಅಲ್ಲಿಯ ಮಠದ ಪಾದ್ರಿಯೊಬ್ಬರು ಬಂದು ಯಾತ್ರಿಕರನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಇದನ್ನೆಲ್ಲ ವಿವರಿಸಿದರು. ಜನ ಬಿದ್ದು ಬಿದ್ದು ನಕ್ಕರು. ಅಳಿಯ ಅರ್ಧ ಅನುವಾದ ಮಾಡಿ, ಅರ್ಧ ತಾನೇ ನಗುತ್ತ ಕೂತ. ಆಮೇಲೆ ಒಳಗೆ ಆರ್ಗನ್ ವಾದ್ಯ ನುಡಿಸಿದರು.

ನಮ್ಮ ಬಳ್ಳಿಗಾವಿಯೂ ಒಂದು ಕಾಲದಲ್ಲಿ ದೊಡ್ಡ ಕ್ಷೇತ್ರ. ಈಗ ಕೇಳುವವರಿಲ್ಲ. ಫ್ರಾನ್ಸಿನವರಿಗೆ ತಮ್ಮ ಪರಂಪರೆಯ ಮೇಲೆ ಅಭಿಮಾನ ಜಾಸ್ತಿ, ನಮಗೆ ಇಲ್ಲ. ಅಲ್ವಾ ಮೇಡಂ?
— ಶಿಕಾರಿಪುರದ ಓದುಗರು

ನಿಮ್ಮ ಬೇಸರ ಅರ್ಥವಾಗುತ್ತದೆ. ಬಳ್ಳಿಗಾವಿಯ ಗಂಡಭೇರುಂಡ ಕಂಬ ನಿಲ್ಲಿಸಿದ್ದು 1047ರಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ ಕೊಂಕ್‌ನಲ್ಲಿ ಮಠಾಧಿಪತಿ ಒದೊಲ್ರಿಕ್ ಈಗಿನ ಚರ್ಚಿನ ಕೆಲಸ ಶುರುಮಾಡಿಸಿದ್ದ. ಎರಡೂ ಕಡೆ ಕಲ್ಲಿನವರ ಉಳಿ ಒಟ್ಟಿಗೆ ಕೇಳಿಸುತ್ತಿತ್ತು ಅಂತ ಅಂದುಕೊಂಡರೆ ನನಗೆ ಈಗಲೂ ರೋಮಾಂಚನ.

ಆದರೆ ಅಭಿಮಾನದ ಮಾತನ್ನು ನಾನು ಒಪ್ಪುವುದಿಲ್ಲ. ಕೊಂಕ್ ಉಳಿದದ್ದು ಬಹುಪಾಲು ಅದು ಬಡವಾದ್ದರಿಂದ.

ಯಾತ್ರೆಯ ಉತ್ಸಾಹ 13ನೇ ಶತಮಾನದ ನಂತರ ಇಳಿಯುತ್ತ ಹೋಯಿತು. 1424ರಲ್ಲಿ ಹಳೆಯ ಸನ್ಯಾಸಿಗಳ ಮಠ ಎಂಬ ವ್ಯವಸ್ಥೆಯೇ ಮುಗಿಯಿತು. 1568ರಲ್ಲಿ ಧರ್ಮದ ಜಗಳದಲ್ಲಿ ಪ್ರೊಟೆಸ್ಟೆಂಟರು ಚರ್ಚಿಗೆ ಬೆಂಕಿ ಇಟ್ಟರು. ಆಮೇಲೆ ಊರು ಮೂಲೆಗೆ ಬಿತ್ತು. ದೊಡ್ಡ ಶ್ರೀಮಂತ ಊರುಗಳಲ್ಲಿ ಏನಾಯಿತು ಗೊತ್ತಾ? ಹಣ ಇದ್ದವರು ಹಳೆಯ ಚರ್ಚು ಕೆಡವಿ ಹೊಸ ಮಾದರಿಯಲ್ಲಿ ಕಟ್ಟಿಸಿದರು. ಕೊಂಕ್‌ನವರ ಹತ್ತಿರ ಕೆಡವಲೂ ದುಡ್ಡಿರಲಿಲ್ಲ. ಹಾಗಾಗಿ 11, 12ನೇ ಶತಮಾನದ ಕಟ್ಟಡ ಹಾಗೇ ನಿಂತಿತು.

ಇನ್ನು ಊರಿನ ಜನ. 1789ರ ಕ್ರಾಂತಿಯ ನಂತರ ಸರ್ಕಾರ ಚರ್ಚುಗಳ ಚಿನ್ನ, ಬೆಳ್ಳಿ ಜಪ್ತಿ ಮಾಡಿ ಕರಗಿಸುತ್ತಿತ್ತು. ಫ್ರಾನ್ಸಿನ ತುಂಬ ಎಷ್ಟೋ ದೇವಸ್ವ ಹೀಗೆ ನಾಣ್ಯವಾಗಿ ಹೋಯಿತು. ಕೊಂಕ್‌ನವರು ರಾತ್ರೋರಾತ್ರಿ ತಮ್ಮ ಭಂಡಾರವನ್ನು ಹಂಚಿಕೊಂಡು ಮನೆಮನೆಗಳಲ್ಲಿ ಬಚ್ಚಿಟ್ಟರು. ಕಾಲ ತಿಳಿಯಾದ ಮೇಲೆ ತಂದು ಒಪ್ಪಿಸಿದರು. ಬಡವರು. ಒಂದು ಹರಳು ಕಿತ್ತು ಮಾರಿದ್ದರೂ ವರ್ಷದ ಊಟ ಆಗುತ್ತಿತ್ತು. ಮಧ್ಯಯುಗದ ಚಿನ್ನದ ಕೆಲಸದ ಇಷ್ಟು ದೊಡ್ಡ ಭಂಡಾರ ಫ್ರಾನ್ಸಿನಲ್ಲಿ ಉಳಿದಿರುವುದು ಅಪರೂಪ. ಉಳಿದದ್ದು ಹೀಗೆ.

ಇಷ್ಟು ಹೇಳಿ ನಿಲ್ಲಿಸಿದರೆ ಕಥೆ ಚಂದ. ಆದರೆ ಅದೇ ಜನರು, ಅವರ ಮಕ್ಕಳು, 19ನೇ ಶತಮಾನದ ಮೊದಲಲ್ಲಿ ಪಾಳುಬಿದ್ದ ಮಠದ ಒಳಾಂಗಣದ ಕಂಬ, ಕಲ್ಲುಗಳನ್ನು ಕಿತ್ತು ಮನೆ ಕಟ್ಟಲು ಒಯ್ದರು! ಈಗ ಅಲ್ಲಿ ಉಳಿದಿರುವುದು ಕೆಲವೇ ಕಮಾನು. ಚಿನ್ನ ಬಚ್ಚಿಟ್ಟು ಕಾಪಾಡಿದವರೂ ಅವರೇ, ಕಲ್ಲು ಕಿತ್ತವರೂ ಅವರೇ. ಚಿನ್ನ ಸಂತಳದು, ಕಲ್ಲು ಯಾರದೂ ಅಲ್ಲ ಅಂದುಕೊಂಡರೋ ಏನೋ.

1837ರಲ್ಲಿ ಸರ್ಕಾರದ ಸ್ಮಾರಕಗಳ ಇನ್ಸ್‌ಪೆಕ್ಟರ್ ಪ್ರೊಸ್ಪೆರ್ ಮೆರಿಮೆ ಬಂದ. ಕಥೆಗಾರನೂ ಆಗಿದ್ದವನು. ಇಂಥ ನಿರ್ಜನ ಜಾಗದಲ್ಲಿ ಇಷ್ಟೊಂದು ಸಂಪತ್ತು ಇರುತ್ತದೆ ಅಂತ ತಾನು ನಿರೀಕ್ಷಿಸಿರಲಿಲ್ಲ ಅಂತ ಬರೆದ. ಅವನ ವರದಿಯಿಂದ ದುರಸ್ತಿಗೆ ದಾರಿಯಾಯಿತು. 1873ರಲ್ಲಿ ಪ್ರೆಮೊಂತ್ರೆ ಪಂಥದ ಪಾದ್ರಿಗಳು ಬಂದು ನೆಲೆಸಿದರು. 1875ರಲ್ಲಿ ಗೋಡೆಯೊಳಗೆ ಮುಚ್ಚಿಟ್ಟಿದ್ದ ಪೆಟ್ಟಿಗೆಯಲ್ಲಿ ಆ ಮೂಳೆಗಳು ಮತ್ತೆ ಸಿಕ್ಕವು. ನೀವು ಫೋಟೋದಲ್ಲಿ ನೋಡುವ ಎದುರಿನ ಎರಡು ಗೋಪುರಗಳಿಗೆ ಈಗಿನ ರೂಪ ಬಂದದ್ದು ಆ ಶತಮಾನದಲ್ಲೇ. ಯುನೆಸ್ಕೊ ಪಟ್ಟಿಗೆ ಈ ಚರ್ಚೂ ದೂರ್ದೂ ಮೇಲಿನ ಹಳೆಯ ಸೇತುವೆಯೂ ಯಾತ್ರಾ ದಾರಿಗಳ ಭಾಗವಾಗಿ ಸೇರಿದ್ದು 1998ರಲ್ಲಿ.

ಕಲ್ಲಿನ ವಿಷಯ ಬಂತಲ್ಲ, ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ನನ್ನ ತವರಿನ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಒಂದು ಕಲ್ಲಿತ್ತು. ನಾನೂ ಅದರ ಮೇಲೆ ಎಷ್ಟೋ ಸೀರೆ ಕುಕ್ಕಿದ್ದೇನೆ. ಬಚ್ಚಲು ಮನೆ ಹೊಸದಾಗಿ ಕಟ್ಟಿಸುವಾಗ ಆಳುಗಳು ಅದನ್ನು ಮಗುಚಿದರು. ಅಡಿಯಲ್ಲಿ ವೀರಗಲ್ಲು. ಕುದುರೆ, ಕತ್ತಿ, ಮೇಲೆ ಅಪ್ಸರೆಯರು. ನಮ್ಮ ಪುಣ್ಯಕ್ಕೆ ಒಗೆದದ್ದು ಬೆನ್ನಿನ ಮೇಲೆ. ಈಗ ತುಳಸಿ ಕಟ್ಟೆಯ ಪಕ್ಕ ನಿಲ್ಲಿಸಿದ್ದಾರೆ. ಅಣ್ಣನ ಮೊಮ್ಮಗ ಅದರ ಮೇಲೆ ಕ್ರಿಕೆಟ್ ಸ್ಟಂಪ್ ಬರೆದಿದ್ದ, ಬೈದು ಒರೆಸಿದ್ದೇನೆ.

ಅಷ್ಟು ಹಳೆಯ ಚರ್ಚಿಗೆ ಸಾದಾ ಗಾಜು ಹಾಕಿ ಹಾಳುಮಾಡಿದ್ದಾರೆ ಅನ್ನುತ್ತಾರೆ. ನೀವೇನಂತೀರಿ?
— ಶಿವಮೊಗ್ಗದ ಚಿತ್ರಕಲಾ ಶಿಕ್ಷಕರು

ಸಾದಾ ಗಾಜು ಅಲ್ಲ ಸಾರ್. ರೊಡೆಜ್‌ನಲ್ಲೇ 1919ರಲ್ಲಿ ಹುಟ್ಟಿದ ಚಿತ್ರಕಾರ ಪಿಯೆರ್ ಸೂಲಾಜ್ ಹುಡುಗನಾಗಿದ್ದಾಗ ಈ ಚರ್ಚು ನೋಡಿಯೇ ಕಲಾವಿದ ಆಗಬೇಕು ಅಂದುಕೊಂಡವರು. ಜೀವನವಿಡೀ ಕಪ್ಪು ಬಣ್ಣದಲ್ಲಿ ಕೆಲಸ ಮಾಡಿದವರು. 1986ರಲ್ಲಿ ಅವರಿಗೆ ಕಿಟಕಿಗಳ ಕೆಲಸ ಒಪ್ಪಿಸಿದರು. ಒಟ್ಟು 104 ಕಿಂಡಿ, ಕಿಟಕಿಗಳು. ಬಣ್ಣವಿಲ್ಲದ, ಆದರೆ ಆಚೆ ಕಾಣಿಸದ, ಬೆಳಕನ್ನು ಮಾತ್ರ ಒಳಗೆ ಬಿಡುವ ಗಾಜು ಬೇಕು ಅಂತ ಅವರ ಹಟ. ತುಲೂಸ್‌ನ ಗಾಜಿನ ಕಸುಬಿನ ಜಾಂ-ದೊಮಿನಿಕ್ ಫ್ಲೂರಿ ಜೊತೆ ಸೇರಿ ವರ್ಷಗಟ್ಟಲೆ ಪ್ರಯೋಗ ಮಾಡಿದರು. 1994ಕ್ಕೆ ಮುಗಿಯಿತು. ಸೂಲಾಜ್ 2022ರಲ್ಲಿ ತೀರಿಕೊಂಡರು.

ಊರಿನವರಲ್ಲಿ ಸಿಟ್ಟು ಬಂದವರೂ ಇದ್ದರು. ನಾನೂ ಒಳಗೆ ಕಾಲಿಟ್ಟಾಗ ‘ಇಷ್ಟೇನಾ’ ಅಂದೆ. ಕಪ್ಪು ಗೆರೆ, ಬೂದು ಗಾಜು. ಮಧ್ಯಾಹ್ನ ಊಟ ಮಾಡಿ ಮತ್ತೆ ಹೋದೆ. ಅದೇ ಗಾಜು ಒಂದು ಕಡೆ ನೀಲಿ, ಇನ್ನೊಂದು ಕಡೆ ಬೆಚ್ಚಗೆ, ಕಿತ್ತಳೆಗೆ ತಿರುಗಿತ್ತು. 22 ಮೀಟರ್ ಎತ್ತರದ ಚಾವಣಿಯ ಹಳದಿ ಕಲ್ಲು ಬೆಳಗುತ್ತಿತ್ತು. ನೀವು ಒಂದು ಸಲ ನೋಡಿದ ಫೋಟೋದಿಂದ ತೀರ್ಮಾನ ಮಾಡಬೇಡಿ. ಬೆಳಗ್ಗೆ ಒಂದು, ಸಂಜೆ ಒಂದು ನೋಡಬೇಕು.

ನನಗೆ 62. ನಡೆಯಲು ಆಗುತ್ತದಾ? ಸಸ್ಯಾಹಾರ ಸಿಗುತ್ತದಾ?
— ಶೃಂಗೇರಿಯ ಓದುಗರು

ನನಗೂ ಅಷ್ಟೇ, ಸ್ವಲ್ಪ ಮೇಲೆ. ಇಡೀ ದಾರಿ ಅಲ್ಲ, ಸೆನೆರ್ಗ್ ಎಂಬ ಹಿಂದಿನ ಊರಿನಿಂದ ಹತ್ತು ಕಿ.ಮೀ. ಒಳಗಿನ ದೂರ ನಡೆದೆ. ಬಹುಪಾಲು ಸುಖವಾದ ದಾರಿ. ಕೊನೆಯಲ್ಲಿ ಕೊಂಕ್‌ಗೆ ಇಳಿಯುವ ಕಲ್ಲಿನ ಹಾದಿ ಮಾತ್ರ ಮಂಡಿ ಕೇಳುತ್ತದೆ. ಕೋಲು ಇರಲಿ. ಮಳೆಗೆ ಯಾತ್ರಿಕರು ಬೆನ್ನಚೀಲವೂ ಸೇರಿ ಮುಚ್ಚುವ ಹಾಗೆ ಹೊದ್ದುಕೊಳ್ಳುವ ಪ್ಲಾಸ್ಟಿಕ್ ನೋಡಿದರೆ ಥೇಟ್ ನಮ್ಮ ಗೊರಬು. ತುಲೂಸ್‌ನಿಂದ ರೊಡೆಜ್‌ಗೆ ರೈಲಿದೆ, ಎರಡು ಗಂಟೆಗೆ ಸ್ವಲ್ಪ ಮೇಲೆ. ಅಲ್ಲಿಂದ ಬಸ್ಸು ಕಡಿಮೆ. ಮೊದಲೇ ವಿಚಾರಿಸಿಕೊಳ್ಳಿ.

ಊಟಕ್ಕೆ ‘ಅಲಿಗೋ’ ಕೇಳಿ. ಆಲೂಗಡ್ಡೆ ಮಸೆದು ಹಸಿ ಚೀಸ್ ಹಾಕಿ ತಿರುವುತ್ತ ತಿರುವುತ್ತ ದಾರದ ಹಾಗೆ ಎಳೆಯುತ್ತಾರೆ. ಒಬ್ರಾಕ್ ಬೆಟ್ಟದ ಸನ್ಯಾಸಿಗಳು ಯಾತ್ರಿಕರಿಗೆ ಬಡಿಸುತ್ತಿದ್ದ ಅಡುಗೆಯ ಈಗಿನ ರೂಪ ಅಂತ ಅಲ್ಲಿಯವರ ಹೇಳಿಕೆ. ಪಕ್ಕದಲ್ಲಿ ಸಾಸೇಜ್ ಇಟ್ಟು ತರುತ್ತಾರೆ, ಬೇಡ ಅಂತ ಮೊದಲೇ ಹೇಳಿ. ಉಪ್ಪಿನಕಾಯಿ ನಿಮ್ಮದೇ ಒಯ್ಯಿರಿ. ಅಪ್ಪೆಮಿಡಿ ಜೊತೆ ಅಲಿಗೋ ತಿಂದ ಮೊದಲಿಗಳು ನಾನೇ ಇರಬೇಕು.

ಟೀಚರ್, ಅಲ್ಲಿ ಕಲ್ಲಿನೊಳಗಿನಿಂದ ಇಣುಕಿ ನೋಡುವವರು ಇದ್ದಾರಂತೆ. ಅಕ್ಕ ಮೊಬೈಲಿನಲ್ಲಿ ತೋರಿಸಿದಳು. ಅವರು ಯಾರು?
— ಕೊಪ್ಪದ 5ನೇ ತರಗತಿಯ ಓದುಗಳು

ಪುಟ್ಟಿ, ನೀನು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಆಗ ಹೇಳಿದ ಬಾಗಿಲ ಕೆತ್ತನೆಯ ಹೊರ ಅಂಚಿನಲ್ಲಿ, ಕಮಾನಿನ ಉದ್ದಕ್ಕೂ ಇದ್ದಾರೆ ಅವರು. ಉದ್ದದ ಪಟ್ಟಿಯೊಂದರ ಅಂಚನ್ನು ಎರಡೂ ಕೈಯಿಂದ ಹಿಡಿದು ಮೇಲಿನಿಂದ ಇಣುಕುತ್ತಾರೆ. ಬೆರಳು ಕಾಣುತ್ತದೆ, ಕಣ್ಣು ಕಾಣುತ್ತದೆ, ಮೂಗಿನವರೆಗೆ ಮುಖ ಕಾಣುತ್ತದೆ. ಬಾಯಿ ಕಾಣುವುದಿಲ್ಲ. ದೇವದೂತರು ಅನ್ನುತ್ತಾರೆ. ಊರಿನವರು ಅವರಿಗೆ ಇಟ್ಟ ಹೆಸರು ‘ಕುತೂಹಲದವರು’ ಅಂತ. ಸ್ವರ್ಗವೂ ಅಲ್ಲ, ನರಕವೂ ಅಲ್ಲ, ಅಂಚಿನಲ್ಲಿ ಕೂತು ಎರಡೂ ಕಡೆ ನೋಡುತ್ತಿದ್ದಾರೆ. ಗೋಡೆ ಆಚೆ ಟೆಂಟ್ ಸಿನಿಮಾ ನೋಡುವಾಗ ನಾವು ಹೀಗೇ ಹಿಡಿದುಕೊಳ್ಳುತ್ತಿದ್ದೆವು, ನಿಮ್ಮ ಅಜ್ಜಿಯನ್ನು ಕೇಳು.

ಎಷ್ಟು ಜನ ಇದ್ದಾರೆ ಅಂತ ನಾನು ಕೆಳಗೆ ನಿಂತು ಎಣಿಸಿದೆ. ಎರಡು ಸಲ ಲೆಕ್ಕ ತಪ್ಪಿತು. ಮೂರನೇ ಸಲ ಶುರುಮಾಡಿದಾಗ ಮಳೆ ಬಂತು, ಕನ್ನಡಕ ಮಂಜಾಯಿತು. ನಿನ್ನ ಅಕ್ಕನ ಮೊಬೈಲಿನಲ್ಲಿ ದೊಡ್ಡದು ಮಾಡಿ ಎಣಿಸಿ ನನಗೆ ಕಾರ್ಡು ಹಾಕು.